‘ನಡೀತಾ ಇದೆಯಲ್ಲ’ ಎಂಬ ನೆಮ್ಮದಿ

ತಮಿಳುನಾಡಿನ ಕಂಬಂ ಕಣಿವೆಯ ವ್ಯಾಪಾರ ಅಂಗಡಿ ಕಟ್ಟೆಯಿಂದ ಪರದೆಗೆ ಸರಿದು ಬಹಳ ದಿನವಾಯಿತು. ಬೋಡಿನಾಯಕನೂರಿನ ಏಲಕ್ಕಿ ಹರಾಜಿನಲ್ಲೇ ಕೂಗುವ ದನಿ ಅಡಗಿ, ಕಂಪ್ಯೂಟರಿನ ಮುಂದೆ ಕೂತು ಬೆಲೆ ಒತ್ತುವ ಪದ್ಧತಿ ಬಂದಿದೆ. ಪೆರಿಯಕುಳದ ಮಾವು, ಅದರ ಮಗ್ಗುಲ ವಡುಗಪಟ್ಟಿಯ ಸಂತೆಗೆ ಇಳಿಯುವ ಬೆಳ್ಳುಳ್ಳಿ, 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರು ದ್ರಾಕ್ಷಿ, ಇವುಗಳಲ್ಲಿ ಯಾವುದನ್ನೇ ಆಗಲಿ ಕಾಣದ ಊರಿನ ಗಿರಾಕಿಗೆ ಮಾರಹೊರಟವನಿಗೆ ಮೊದಲು ಬೇಕಾಗುವುದು ಮಾತಿಗೊಂದು ಜಾಗ. ‘ಎಂಟು ಮಿಲಿಮೀಟರಿನ ಏಲಕ್ಕಿ ಇದೆಯೇ?’, ‘ಪಾರ್ಸೆಲ್ ಎಲ್ಲಿಗೆ ಬಂತು?’, ‘ದುಡ್ಡು ಯಾವ ಖಾತೆಗೆ ಹಾಕಲಿ?’ ಎಂದು ಕೇಳಲು ಅಂಗಡಿಯ ಜಾಲಪುಟದ ಮೂಲೆಯಲ್ಲಿ ಒಂದು ಚಾಟ್ ಗುಂಡಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಬೆಟ್ಟದಾಚೆಯ ತೋಟಗಳಲ್ಲಿ ಮಲಯಾಳ ಆಡುವ ಇಲ್ಲಿನ ಒಕ್ಕಲಿಗ, ಕಪ್ಪಿಲಿಯ ಮನೆತನಗಳಿಗೆ ಹಲವು ಭಾಷೆಯ ಗಿರಾಕಿಯನ್ನು ಸಂಭಾಳಿಸುವುದು ಹೊಸದಲ್ಲ. ಆಡಿದ ಮಾತೆಲ್ಲ ಎಲ್ಲೋ ಒಂದೆಡೆ ಅಳಿಯದೆ ಉಳಿಯುತ್ತದೆ ಎಂಬುದೇ ಹೊಸದು. ಆ ‘ಎಲ್ಲೋ’ ಯಾವುದು, ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಕು.

ಬಾಡಿಗೆಯ ಚಾಟ್ ಸೇವೆಗಳು ಕೂತು ಉತ್ತರಿಸುವ ಪ್ರತಿಯೊಬ್ಬರ ತಲೆಗೂ ತಿಂಗಳಿಗೆ ಇಷ್ಟೆಂದು ಲೆಕ್ಕ ಹಾಕುವುದು ವಾಡಿಕೆ. ಅಪ್ಪ, ಅತ್ತಿಗೆ, ಗುಮಾಸ್ತ ಎಂದು ಮೂವರಾದರೆ ಮೂರು ಪಟ್ಟು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನೋ ಮಗಳೋ ಪೊಂಗಲ್ ರಜೆಗೆ ಬಂದಾಗ ಬೇರೆ ದಾರಿ ಹೊಳೆಯುವುದು ಸಹಜ. ಚಾಟ್‌ವೂಟ್‌ನಂಥ ಮುಕ್ತ ತಂತ್ರಾಂಶ ಇದೆ. ಅದನ್ನು ಇಳಿಸಿಕೊಂಡು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಕೂರಿಸಿದರೆ ಬಾಡಿಗೆಯೂ ಇಲ್ಲ, ಗಿರಾಕಿಯ ವಿವರ ಪರರ ಕೈಗೆ ಹೋಗುವುದೂ ಇಲ್ಲ. ತಂತ್ರಾಂಶ ಕೂರಿಸುವ ಡಾಕರ್ ಎಂಬ ಉಪಕರಣ ಬಲ್ಲವರಿಗೆ ಅದು ಒಂದು ಸಂಜೆಯ ಕೆಲಸ. ಈ ದಾರಿಯನ್ನು ನಾನು ಹಳಿಯುವುದಿಲ್ಲ. ತನ್ನ ಲೆಕ್ಕದ ಪುಸ್ತಕ ತನ್ನ ಮನೆಯಲ್ಲೇ ಇರಲಿ ಎಂದು ಬಯಸುವುದು ವ್ಯಾಪಾರಿಗೆ ಗೌರವದ ಸಂಗತಿ. ನನಗೆ ಕಳವಳ ಹುಟ್ಟಿಸುವುದು ಆ ಒಂದು ಸಂಜೆ ಮುಗಿದ ಮೇಲೆ ಬರುವ ವರ್ಷದ ಉಳಿದೆಲ್ಲ ಸಂಜೆಗಳು.

ಕೆರೆ ಕೋಡಿ ಬಿದ್ದ ದಿನ ಊರೆಲ್ಲ ಏರಿಯ ಮೇಲೆ ನಿಂತು ನೀರು ನೋಡುತ್ತದೆ. ಏರಿಯ ಹಿಂಬದಿಗಿಳಿದು, ಹುಲ್ಲು ಸರಿಸಿ, ಏಡಿ ತೋಡಿದ ಬಿಲದಲ್ಲಿ ತೇವ ಇದೆಯೇ ಎಂದು ಕೈಯಿಟ್ಟು ನೋಡುವವನು ನೀರಗಂಟಿ ಒಬ್ಬನೇ. ಮನೆಯ ಸರ್ವರಿಗೆ ಅಂಥ ನೀರಗಂಟಿಯನ್ನು ಯಾರೂ ನೇಮಿಸಿರುವುದಿಲ್ಲ. ರಜೆ ಮುಗಿದು ಮಕ್ಕಳು ಹೊರಡುತ್ತಾರೆ. ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತಿರುತ್ತದೆ. ಯಾರಾದರೂ ವಿಚಾರಿಸಿದರೆ ಸಿಗುವ ಉತ್ತರ ಒಂದೇ: ‘ನಡೀತಾ ಇದೆಯಲ್ಲ.’

ಈ ಉತ್ತರವನ್ನು ನಾವು ಹಿಂದೆಯೂ ಕೇಳಿದ್ದೇವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ದೇಶದೇಶಗಳ ಕಂಪ್ಯೂಟರುಗಳಲ್ಲಿದ್ದ ಕಡತಗಳಿಗೆ ಬೀಗ ಜಡಿಯಿತು. ನಮ್ಮ ಬೆಟ್ಟದಾಚೆಯ ಕೇರಳದಲ್ಲಿ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯಿತಿ ಕಚೇರಿಗಳು ಸಿಕ್ಕಿಬಿದ್ದವು. ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಅದು ನುಸುಳಿದ ವಿಂಡೋಸ್ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತೇಪೆ ಬಿಟ್ಟಿತ್ತು. ಎರಡು ತಿಂಗಳ ವ್ಯವಧಾನ ಇತ್ತು. ಕಂಪ್ಯೂಟರು ಬೆಳಿಗ್ಗೆ ಹೊತ್ತಿಕೊಳ್ಳುತ್ತದೆ, ಕೇಳಿದ ಕಾಗದ ಮುದ್ರಿಸಿ ಕೊಡುತ್ತದೆ, ಅಷ್ಟಾದರೆ ಸಾಕೆಂಬ ಭಾವನೆ ಎಷ್ಟೋ ಕಚೇರಿಗಳಲ್ಲಿ ಆ ಎರಡು ತಿಂಗಳನ್ನು ನುಂಗಿತು.

ಚಾಟ್ ಸರ್ವರ್ ಕೆಡತೊಡಗಿದಾಗ ಮೊದಲ ಗುರುತು ಸದ್ದಲ್ಲ, ಮೌನ. ಹೊರಗಿನಿಂದ ಒಂದೇ ತಂತ್ರಾಂಶದಂತೆ ಕಂಡರೂ ಚಾಟ್‌ವೂಟ್‌ನೊಳಗೆ ನಾಲ್ವರು ಕೆಲಸದವರಿದ್ದಾರೆ. ರೈಲ್ಸ್‌ನಲ್ಲಿ ಬರೆದ ಮುಖ್ಯ ಭಾಗ ಪುಟ ತೋರಿಸುತ್ತದೆ. ಪೋಸ್ಟ್‌ಗ್ರೆಸ್ ಮಾತುಗಳನ್ನು ಕಾಪಿಡುತ್ತದೆ. ರೆಡಿಸ್ ಬಾಕಿ ಕೆಲಸಗಳ ಸರದಿ ಹಿಡಿದಿರುತ್ತದೆ. ಸೈಡ್‌ಕಿಕ್ ಹಿನ್ನೆಲೆಯಲ್ಲಿದ್ದು ಇಮೇಲ್ ಕಳಿಸುತ್ತದೆ, ಸೂಚನೆ ಮುಟ್ಟಿಸುತ್ತದೆ. ಈ ಸೈಡ್‌ಕಿಕ್ ಒಂದೇ ನಿಂತುಹೋದರೂ ಪುಟ ಎಂದಿನಂತೆ ತೆರೆಯುತ್ತದೆ, ಹಸಿರು ದೀಪವೂ ಉರಿಯುತ್ತದೆ. ರಾತ್ರಿ ಪ್ರಶ್ನೆ ಬರೆದಿಟ್ಟು ಹೋದ ಗಿರಾಕಿಗೆ ಉತ್ತರದ ಇಮೇಲ್ ಮಾತ್ರ ತಲುಪುವುದಿಲ್ಲ. ಅವನು ಜಗಳಕ್ಕೆ ಬರುವುದಿಲ್ಲ, ಇನ್ನೊಂದು ಅಂಗಡಿಗೆ ಹೋಗುತ್ತಾನೆ. ‘ಈ ವಾರ ವಿಚಾರಣೆ ಕಡಿಮೆ’ ಎಂದು ಮನೆಯವರು ಮಾರುಕಟ್ಟೆಯನ್ನು ದೂರುತ್ತಾರೆ. ಸೈಡ್‌ಕಿಕ್ ಸರಿಯಿದ್ದರೂ ಇನ್ನೊಂದು ತೊಡಕುಂಟು: ಮನೆಯ ಬ್ರಾಡ್‌ಬ್ಯಾಂಡ್ ವಿಳಾಸದಿಂದ ನೇರವಾಗಿ ಹೊರಟ ಇಮೇಲನ್ನು ದೊಡ್ಡ ಅಂಚೆ ಸೇವೆಗಳು ಸಾಮಾನ್ಯವಾಗಿ ನಂಬುವುದಿಲ್ಲ, ಕಸದ ಪೆಟ್ಟಿಗೆಗೆ ತಳ್ಳುತ್ತವೆ, ಇಲ್ಲವೇ ಬಾಗಿಲಲ್ಲೇ ತಿರುಗಿಸುತ್ತವೆ. ಕಾರಣವಿಲ್ಲದೆ ವಿಚಾರಣೆ ಇಳಿದ ವಾರ ಏಲಕ್ಕಿ ಧಾರಣೆಯನ್ನು ನೋಡುವ ಮೊದಲು ಸೈಡ್‌ಕಿಕ್‌ನ ಸರದಿಯನ್ನು ನೋಡಬೇಕು.

ಎರಡನೆಯ ಗುರುತು ಬ್ರೌಸರಿನಲ್ಲಿ ಪುಟದ ವಿಳಾಸದ ಬಳಿ ಕಾಣುವ ಬೀಗದ ಚಿಹ್ನೆ; ಅದರ ಹಿಂದಿರುವುದು ಒಂದು ಪ್ರಮಾಣಪತ್ರ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತ ಬಂದಿರುವ ಪ್ರಮಾಣಪತ್ರಕ್ಕೆ 90 ದಿನದ ಆಯುಸ್ಸು. ಅದು ತಾನಾಗಿ ನವೀಕರಣಗೊಳ್ಳುವ ಏರ್ಪಾಡು ಇರುತ್ತದೆ. ಏರ್ಪಾಡು ಕೆಟ್ಟರೆ ಹಿಂದೆಲ್ಲ ಎಚ್ಚರಿಕೆಯ ಇಮೇಲ್ ಬರುತ್ತಿತ್ತು. 2025ರ ಜೂನ್‌ನಿಂದ ಆ ಸಂಸ್ಥೆ ಎಚ್ಚರಿಕೆ ಕಳಿಸುವುದನ್ನೇ ನಿಲ್ಲಿಸಿದೆ. ಆಯುಸ್ಸೂ ಕುಗ್ಗುತ್ತಿದೆ: ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ಕೊಡುವವರೂ ಕೂಡಿ ತೀರ್ಮಾನಿಸಿರುವಂತೆ 2029ರ ಮಾರ್ಚ್‌ನಿಂದ ಯಾವ ಪ್ರಮಾಣಪತ್ರವೂ 47 ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ‘ಒಂದು ಸಲ ಮಾಡಿಟ್ಟರೆ ಆಯಿತು’ ಎನ್ನುವವರಿಗೆ ಕಾಲವೇ ಎದುರು ನಿಂತಿದೆ. ಪ್ರಮಾಣಪತ್ರ ಸತ್ತ ದಿನ ಅಂಗಡಿಯ ಪುಟದಿಂದ ಚಾಟ್ ಗುಂಡಿ ಹೇಳದೆ ಕೇಳದೆ ಮಾಯವಾಗುತ್ತದೆ. ಉತ್ತರಿಸಲು ಕೂತ ಮನೆಯವರ ಪರದೆಯಲ್ಲಿ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಕೆಂಪಗೆ ಬರುತ್ತದೆ. ‘ಪರವಾಗಿಲ್ಲ, ಮುಂದೆ ಒತ್ತು’ ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ನಾನು ಹೆಚ್ಚು ಹೆದರುವುದು ಈ ಮೂರು ಪದಗಳಿಗೆ.

ಕರೆಂಟಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ತಿಂಗಳ ನಿರ್ವಹಣೆಗೆಂದು ಹಗಲಿಡೀ ವಿದ್ಯುತ್ ತೆಗೆದ ದಿನ ಯುಪಿಎಸ್ ಮುಗಿದು ಪೆಟ್ಟಿಗೆ ಮಲಗುತ್ತದೆ. ಕರೆಂಟು ಬಂದೊಡನೆ ತಾನಾಗಿ ಏಳುವಂತೆ ಬಯೋಸ್‌ನಲ್ಲಿ ಹೊಂದಿಸಿರದಿದ್ದರೆ ಯಾರಾದರೂ ಗುಂಡಿ ಒತ್ತುವ ತನಕ ಏಳುವುದಿಲ್ಲ. ಡಿಸ್ಕಿನದು ಇನ್ನೂ ನಿಧಾನದ ಕಾಯಿಲೆ. ಮಿತಿ ಹಾಕದಿದ್ದರೆ ಡಾಕರ್ ತನ್ನ ದಿನಚರಿಯನ್ನು ಬರೆಯುತ್ತಲೇ ಹೋಗುತ್ತದೆ. ಡಿಸ್ಕ್ ತುಂಬಿದ ದಿನ ಪೋಸ್ಟ್‌ಗ್ರೆಸ್ ಒಂದು ಸಾಲನ್ನೂ ಬರೆಯಲಾರದು.

ಕಣ್ಣಿಗೆ ಬೀಳದ ಗುರುತು ಬೇರೆಯೇ ಇದೆ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಕಾವಲು ಗೋಡೆ ಎಬ್ಬಿಸಿ, ಬೇಡದ ಪೋರ್ಟ್‌ಗಳನ್ನೆಲ್ಲ ಮುಚ್ಚಿದ್ದೇನೆ ಎಂದು ನಂಬಿದವರು ಬಹಳ. ಡಾಕರ್ ಹೊರಕ್ಕೆ ತೆರೆದ ಪೋರ್ಟ್‌ಗಳು ಆ ಗೋಡೆಯ ನಿಯಮಗಳನ್ನು ದಾಟಿಯೇ ಹೋಗುತ್ತವೆ. ಇದು ಡಾಕರ್‌ನವರ ಕೈಪಿಡಿಯಲ್ಲೇ ಇರುವ ಮಾತು. ಪೋಸ್ಟ್‌ಗ್ರೆಸ್‌ನ 5432, ರೆಡಿಸ್‌ನ 6379 ಹೀಗೆ ತೆರೆದುಕೊಂಡಿದ್ದರೂ ಗೋಡೆಯ ಪಟ್ಟಿಯಲ್ಲಿ ಎಲ್ಲ ಮುಚ್ಚಿದಂತೆಯೇ ಕಾಣುತ್ತದೆ. ಮನೆಯ ರೂಟರ್ ತುಸು ಮರೆ ಕೊಡುತ್ತದೆ ನಿಜ. ಹೊರಗಿನಿಂದ ಸಂಪರ್ಕ ಸಿಗುತ್ತಿಲ್ಲವೆಂದು ಬೇಸತ್ತು ರೂಟರಿನಲ್ಲಿ ಹೊರಗಿನ ಸಂಪರ್ಕವನ್ನೆಲ್ಲ ಪೆಟ್ಟಿಗೆಗೆ ಬಿಡುವ ಡಿಎಂಝಡ್ ಆಯ್ಕೆ ಒತ್ತಿದ ದಿನ ಆ ಮರೆಯೂ ಹೋಗುತ್ತದೆ. ರೆಡಿಸ್‌ನಲ್ಲಿ ಸುಮಾರು 13 ವರ್ಷ ಅಡಗಿದ್ದ ತೂತೊಂದು 2025ರ ಅಕ್ಟೋಬರಿನಲ್ಲಿ ಹೊರಬಿತ್ತು. ಅಪಾಯದ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು. ಅದೇ ವೈಫೈಯಲ್ಲಿ ಗೋದಾಮಿನ ಸಿಸಿಟಿವಿಯೂ ಇರುತ್ತದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದ ಅಂಥ ಕ್ಯಾಮೆರಾಗಳನ್ನೇ ಹಿಡಿದು ಮಿರಾಯ್ ಎಂಬ ಕುತಂತ್ರಾಂಶ 2016ರಲ್ಲಿ ದಂಡು ಕಟ್ಟಿತ್ತು.

ಬ್ಯಾಕಪ್ ಇದೆಯೇ ಎಂದರೆ ‘ಇದೆ’ ಎನ್ನುತ್ತಾರೆ. ಮರಳಿ ತೆಗೆದು ನೋಡಿದ್ದೀರಾ ಎಂದರೆ ಮಾತು ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ ನಕಲಿನಲ್ಲಿ ಗಿರಾಕಿ ಕಳಿಸಿದ ಚಿತ್ರ, ರಸೀದಿಗಳು ಇರುವುದಿಲ್ಲ. ಅವು ಡಿಸ್ಕಿನ ಬೇರೆ ಕಡೆ ಕೂತಿರುತ್ತವೆ. ನಕಲೂ ಅದೇ ಡಿಸ್ಕಿನಲ್ಲಿದ್ದರೆ ಅದನ್ನು ನಕಲು ಎನ್ನಲಾಗದು. ತಂತ್ರಾಂಶವೇ ಕಸುಬಾದ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ದತ್ತಸಂಚಯ ತಪ್ಪಿ ಅಳಿಸಿಹೋದಾಗ, ಇದ್ದ ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಒಂದೂ ಸರಿಯಾಗಿ ಒದಗಲಿಲ್ಲ. ಸುಮಾರು ಆರು ಗಂಟೆಯ ದತ್ತಾಂಶ ಹೋಯಿತು.

ಗುರುತು ಕಂಡೂ ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿರಾಕಿ ಚಾಟ್‌ನದೇ ಒಂದು ಪಾಠ ಇದೆ. ಟಿಕೆಟ್‌ಮಾಸ್ಟರ್ ಎಂಬ ದೊಡ್ಡ ಕಂಪನಿ ಬ್ರಿಟನ್ನಿನಲ್ಲಿ ತನ್ನ ಹಣ ಪಾವತಿಯ ಪುಟದಲ್ಲೇ ಇನ್‌ಬೆಂಟಾ ಎಂಬವರ ಚಾಟ್ ಪೆಟ್ಟಿಗೆಯನ್ನು ಕೂರಿಸಿತ್ತು. ಕಳ್ಳರು ಕಂಪನಿಯ ಗೋಡೆಯ ಗೊಡವೆಗೆ ಹೋಗಲಿಲ್ಲ. ಚಾಟ್‌ನ ಜಾವಾಸ್ಕ್ರಿಪ್ಟ್ ಇದ್ದ ಸರ್ವರಿಗೆ ನುಗ್ಗಿ ಅದರೊಳಗೆ ತಮ್ಮ ಸಾಲುಗಳನ್ನು ಸೇರಿಸಿದರು. ಗಿರಾಕಿ ಒತ್ತಿದ ಕಾರ್ಡ್ ಸಂಖ್ಯೆ ಅವರಿಗೂ ಹೋಗುತ್ತಿತ್ತು. 2018ರ ಏಪ್ರಿಲ್ 6ರಂದು ಮಾನ್ಜೋ ಎಂಬ ಬ್ಯಾಂಕಿಗೆ ಸುಮಾರು 50 ಗ್ರಾಹಕರಿಂದ ವಂಚನೆಯ ದೂರು ಬಂತು. ಬ್ಯಾಂಕಿನವರು ಲೆಕ್ಕ ತೆಗೆದರೆ ಅವರಲ್ಲಿ ನೂರಕ್ಕೆ 70 ಮಂದಿ ಟಿಕೆಟ್‌ಮಾಸ್ಟರ್‌ನಲ್ಲಿ ಕೊಂಡವರು. ಬ್ಯಾಂಕಿನ ಒಟ್ಟು ಗ್ರಾಹಕರಲ್ಲಿ ಅಲ್ಲಿ ಕೊಂಡವರು ನೂರಕ್ಕೆ ಒಬ್ಬರೂ ಇರಲಿಲ್ಲ. ಅದೇ ತಿಂಗಳು ಬ್ಯಾಂಕು ಕಂಪನಿಯನ್ನು ಎಚ್ಚರಿಸಿತು. ಎಚ್ಚರಿಕೆ ಬಂದ ಮೇಲೆ ಪಾವತಿ ಪುಟದ ಓಡಾಟವನ್ನು ಗಮನಿಸತೊಡಗಲು ಕಂಪನಿಗೆ ಒಂಬತ್ತು ವಾರ ಹಿಡಿಯಿತು ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಹೇಳಿತು. 2020ರ ನವೆಂಬರಿನಲ್ಲಿ ಅದು ವಿಧಿಸಿದ ದಂಡ 12.5 ಲಕ್ಷ ಪೌಂಡ್. ಯುರೋಪಿನಲ್ಲಿ 94 ಲಕ್ಷ ಜನರವರೆಗೆ ತೊಂದರೆ ತಟ್ಟಿರಬಹುದೆಂದೂ ಅದು ಹೇಳಿತು.

ಬ್ರಿಟನ್ನಿನ ಕಥೆ ಪೆರಿಯಕುಳಕ್ಕೇಕೆ ಎನ್ನಬೇಡಿ. ಚಾಟ್‌ವೂಟ್‌ನ ಗುಂಡಿಯೂ ಅಂಗಡಿಯ ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟೇ. ಅದು ಬರುವುದು ನಿಮ್ಮ ಮನೆಯ ಪೆಟ್ಟಿಗೆಯಿಂದ. ಪೆಟ್ಟಿಗೆ ಕೈತಪ್ಪಿದರೆ ಅಂಗಡಿಯೂ ಕೈತಪ್ಪುತ್ತದೆ.

‘ಮನೆಯ ಪೆಟ್ಟಿಗೆಯನ್ನು ಯಾರು ಹುಡುಕಿಕೊಂಡು ಬರುತ್ತಾರೆ?’ ಎನ್ನುವವರಿದ್ದಾರೆ. 2022ರಲ್ಲಿ, ಪಾಸ್‌ವರ್ಡ್ ಕಾಯುವುದನ್ನೇ ಕಸುಬಾಗಿಸಿಕೊಂಡ ಲಾಸ್ಟ್‌ಪಾಸ್‌ನ ಭಂಡಾರ ಕಳುವಾದದ್ದು ಅದರ ಒಬ್ಬ ಹಿರಿಯ ಎಂಜಿನಿಯರ್ ಮನೆಯ ಕಂಪ್ಯೂಟರಿನ ದಾರಿಯಲ್ಲಿ. ಅಲ್ಲಿದ್ದ ಪ್ಲೆಕ್ಸ್ ಎಂಬ ಮಾಧ್ಯಮ ಸರ್ವರಿನ ತೂತಿಗೆ 2020ರ ಮೇ ತಿಂಗಳಲ್ಲೇ ತೇಪೆ ಬಂದಿತ್ತು. ಹಾಕಿರಲಿಲ್ಲ. ಅದು ಅರಿಯದವರ ಮನೆಯಲ್ಲ, ಬಲ್ಲವರ ಮನೆ. ಅವರ ಸರ್ವರೂ ನಡೀತಾ ಇತ್ತು.

ನಮ್ಮ ಕಣಿವೆಯಲ್ಲಿ ಪೆಟ್ಟು ಬೀಳುವ ಬಗೆ ಹೀಗಿರುತ್ತದೆ. ಚಾಟ್‌ನೊಳಗೆ ಗಿರಾಕಿಯ ಹೆಸರು, ವಿಳಾಸ, ಫೋನ್, ಯುಪಿಐ ರಸೀದಿಯ ಚಿತ್ರ ಎಲ್ಲ ಇವೆ. ಅವನ್ನು ಓದಿಕೊಂಡವನು ನಿಮ್ಮದೇ ಚಾಟ್‌ನಿಂದ, ನಿಮ್ಮದೇ ಅಂಗಡಿಯ ಹೆಸರಿನಲ್ಲಿ, ‘ಖಾತೆ ಬದಲಾಗಿದೆ, ಮುಂಗಡ ಇದಕ್ಕೆ ಹಾಕಿ’ ಎಂದು ಬರೆಯುತ್ತಾನೆ. ನಿಮ್ಮನ್ನು ಹೆಚ್ಚು ನಂಬಿದ ಗಿರಾಕಿಯೇ ಮೊದಲು ಹಾಕುತ್ತಾನೆ.

ಕಾನೂನೂ ದೂರದಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ತಕ್ಕ ಭದ್ರತೆ ಇಡದವರಿಗೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಸಣ್ಣ ಅಂಗಡಿಗೆ ಆ ಮೊತ್ತ ಬೀಳುವುದು ಕಷ್ಟ. ಆದರೆ ವಿವರ ಸೋರಿದರೆ ಆ ಗಿರಾಕಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸುವ ಹೊಣೆ ಅಂಗಡಿಯದೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ತೂತಿಗೆ ತೇಪೆ ಉಂಟು, ಕಳ್ಳನಿಗೆ ಕಾವಲುಂಟು. ಆಲಸಿಗೆ ಕೆಲಸ ಬಾಕಿಯಿದೆ ಎಂದಾದರೂ ಗೊತ್ತಿರುತ್ತದೆ. ನಿಶ್ಚಿಂತನಿಗೆ ಅದೂ ಗೊತ್ತಿರುವುದಿಲ್ಲ.

ಆದ್ದರಿಂದ ಮನೆಯಲ್ಲಿ ಒಬ್ಬರನ್ನು ಹೆಸರಿಟ್ಟು ನೇಮಿಸಿ. ಈ ಭಾನುವಾರವೇ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಮರಳಿ ತೆಗೆದು ನೋಡಿ. ವೈಫೈ ಆರಿಸಿ, ಮೊಬೈಲ್ ದತ್ತಾಂಶದಿಂದ ನಿಮ್ಮ ಮನೆಯ ಯಾವ ಪೋರ್ಟ್ ತೆರೆದಿದೆ ಎಂದು ಪರೀಕ್ಷಿಸಿ. ಪ್ರಮಾಣಪತ್ರದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಬಂದ ತೇಪೆಗಳನ್ನು ಹಾಕಿ.

ವಾರಕ್ಕೊಂದು ಗಂಟೆ ಕೊಡುವವರು ಮನೆಯಲ್ಲಿ ಯಾರೂ ಇಲ್ಲವಾದರೆ, ಆ ಸರ್ವರನ್ನು ಇಂದೇ ಹೊರಜಗತ್ತಿನಿಂದ ಕಳಚಿ, ಬಾಡಿಗೆ ಕಟ್ಟಿ ಚಾಟ್ ನಡೆಸಿ.