ಸಂಕ್ರಾಂತಿಯ ಲೆಕ್ಕ, ಗೋದಲಿಯ ಪಾಲು

ಪ್ರೀತಿಯ ಮಕ್ಕಳೇ, ಪಕ್ಕದಲ್ಲೇ ಕನ್ನಡಕ ಹುಡುಕುತ್ತಾ ಕುಳಿತಿರುವ ತಾತ-ಅಜ್ಜಿಯರೇ,

ಚಳ್ಳಕೆರೆಯ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದವನು ನಾನು. ಸಂಜೆ ಹತ್ತು ಪೈಸೆ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ಅಂಥವನ ಲೆಕ್ಕದಲ್ಲಿ ಒಂಬತ್ತು ವರ್ಷದ ಮೊಮ್ಮಗಳು ತಪ್ಪು ಹಿಡಿದಳು.

ಅವಳು ಅಪ್ಪ-ಅಮ್ಮನ ಜೊತೆ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿದ್ದಾಳೆ. ಕಳೆದ ಸಂಕ್ರಾಂತಿಯ ದಿನ ಫೋನಿನಲ್ಲಿ, "ಇವತ್ತಿನಿಂದ ಉತ್ತರಾಯಣ ಪುಟ್ಟೀ, ಹಗಲು ದೊಡ್ಡದಾಗುತ್ತಾ ಹೋಗುತ್ತೆ" ಎಂದೆ.

"ಇಲ್ಲ ತಾತ, ಡಿಸೆಂಬರ್ ಇಪ್ಪತ್ತೆರಡರಿಂದಲೇ ಹಗಲು ಬೆಳೀತಾ ಇದೆ. ನಾನು ದಿನಾ ಕಿಟಕಿಯಿಂದ ನೋಡಿ ಬರೆದಿಟ್ಟಿದ್ದೀನಿ" ಎಂದಳು.

ಅವಳಿಗೆ ಗೊತ್ತಾಗದೆ ಇರುತ್ತದೆಯೇ? ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ. ಅವಳ ಊರಿನಲ್ಲಿ ಸುಮಾರು ಆರೇ ಗಂಟೆ! ಬೆಳಿಗ್ಗೆ ಎಂಟೂಮುಕ್ಕಾಲಿನ ಹೊತ್ತಿಗೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರು ಹೊಡೆಯುವ ಮೊದಲೇ ಮುಳುಗುತ್ತಾನೆ. ನಮಗೆ ಚಳಿ ಎಂದರೆ ಚಳ್ಳಕೆರೆಯ ಕಂಬಳಿ ಹೊದ್ದರೆ ಮುಗಿಯಿತು. ಅವರಿಗೆ ಅದು ಕತ್ತಲೆಯ ಕಾಲ.

ತಪ್ಪೊಪ್ಪಿಕೊಂಡು ಕಾಗದ-ಪೆನ್ಸಿಲ್ ಹಿಡಿದು ಕುಳಿತೆ. ನೀವೂ ಹಿಡಿದುಕೊಳ್ಳಿ. ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುವುದು ಒಂದು. ನಕ್ಷತ್ರಗಳ ಲೆಕ್ಕದಲ್ಲಿ ಮಕರ ರಾಶಿಗೆ ಕಾಲಿಡುವುದು ಇನ್ನೊಂದು. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಆದರೆ ನಮ್ಮ ಭೂಮಿ ತಿರುಗುವ ಬುಗುರಿಯ ಹಾಗೆ ಬಹಳ ನಿಧಾನವಾಗಿ ತಲೆ ತೂಗುತ್ತದೆ. ಅದರಿಂದಾಗಿ ನಕ್ಷತ್ರದ ಲೆಕ್ಕದ ವರ್ಷ ಸುಮಾರು 20 ನಿಮಿಷ ಉದ್ದ. ಇಪ್ಪತ್ತನ್ನು ಎಪ್ಪತ್ತೆರಡರಿಂದ ಗುಣಿಸಿ. 1,440 ಬಂತೇ? ಅಷ್ಟು ನಿಮಿಷ ಸೇರಿದರೆ ಒಂದು ಪೂರ್ತಿ ದಿನ. ಹೀಗೆ ಜಾರುತ್ತಾ ಜಾರುತ್ತಾ ಈಗ ಅಂತರ ಇಪ್ಪತ್ತನಾಲ್ಕು ದಿನಗಳಷ್ಟಾಗಿದೆ. ನನಗೀಗ ಎಪ್ಪತ್ತೆರಡು. ನನ್ನ ಇಡೀ ಆಯುಷ್ಯದಲ್ಲಿ ಸಂಕ್ರಾಂತಿ ಜಾರಿದ್ದು ಒಂದೇ ಒಂದು ದಿನ!

ಮೊಮ್ಮಗಳಿಗೆ ಸಮಾಧಾನವಾಯಿತು. ಅವರ ಊರಿನ ಲೆಕ್ಕವೂ ಹಿಂದೆ ಜಾರಿತ್ತು. ಡಿಸೆಂಬರ್ 13ರಂದು ಅಲ್ಲಿ ಲೂಸಿಯಾ ಹಬ್ಬ. ಹುಡುಗಿಯರು ಬಿಳಿ ಉಡುಪು ತೊಟ್ಟು, ಅವರಲ್ಲೊಬ್ಬಳು ತಲೆಯ ಮೇಲೆ ದೀಪದ ಕಿರೀಟ ಇಟ್ಟುಕೊಂಡು ಹಾಡುತ್ತಾ ಬರುತ್ತಾರೆ. ಹಳೆಯ ಕ್ಯಾಲೆಂಡರಿನ ಕಾಲದಲ್ಲಿ ಆ ರಾತ್ರಿಯನ್ನೇ ವರ್ಷದ ಅತಿ ದೀರ್ಘ ರಾತ್ರಿ ಎನ್ನುತ್ತಿದ್ದರು. 1753ರಲ್ಲಿ ಸ್ವೀಡನ್ನಿನವರು ಕ್ಯಾಲೆಂಡರ್ ಸರಿಪಡಿಸಿದಾಗ ಫೆಬ್ರುವರಿ 17ರ ಮಾರನೆಯ ದಿನವೇ ಮಾರ್ಚ್ 1 ಆಯಿತು. ಹನ್ನೊಂದು ದಿನ ಮಾಯ! ಹಬ್ಬ ಮಾತ್ರ ಹದಿಮೂರಕ್ಕೇ ಉಳಿಯಿತು.

ತಾರೀಖು ಜಾರಿದರೂ ಹಬ್ಬ ಉಳಿಯುವುದು ಏಕೆ? ಊಟದಿಂದ ಎಂದು ನನ್ನ ಊಹೆ. ಅವರ ನಡುಚಳಿಗಾಲದ ಹಬ್ಬದ ಹೆಸರು ಯೂಲ್. ಕ್ರೈಸ್ತ ಧರ್ಮ ಅಲ್ಲಿಗೆ ಹೋಗುವ ಮೊದಲೇ ಅದು ಇತ್ತು. ಹಿಮ ಬಿದ್ದಮೇಲೆ ಮೇವು ಸಾಲದು. ಅದಕ್ಕೇ ರೈತರು ಚಳಿಗೆ ಮೊದಲೇ ಕೆಲವು ಪ್ರಾಣಿಗಳನ್ನು ಕಡಿದು ಮಾಂಸಕ್ಕೆ ಉಪ್ಪು ಹಾಕಿಡುತ್ತಿದ್ದರು. ಸುಗ್ಗಿಯ ಕಾಳು ಕಣಜದಲ್ಲಿರುತ್ತಿತ್ತು. ಇದ್ದಾಗಲೇ ಎಲ್ಲರೂ ಕೂಡಿ ಉಣ್ಣುವುದು ಹಬ್ಬವಾಯಿತು. ಹತ್ತನೆಯ ಶತಮಾನದಲ್ಲಿ ನಾರ್ವೆಯ ದೊರೆ ಹಾಕೋನ್ ಯೂಲ್ ಮತ್ತು ಕ್ರಿಸ್‌ಮಸ್ ಒಂದೇ ಕಾಲಕ್ಕೆ ಬರುವಂತೆ ಕಾನೂನು ಮಾಡಿದನೆಂದು ಅಲ್ಲಿನ ಹಳೆಯ ಚರಿತ್ರೆ ಹೇಳುತ್ತದೆ.

ಅವರ ಪದ್ಧತಿಗಳಲ್ಲಿ ನನಗೆ ಹಿಡಿಸಿದ್ದು ಎರಡು. ಒಂದು, ಕಾಳಿರುವ ಓಟ್ಸ್ ತೆನೆಗಳ ಕಟ್ಟನ್ನು ಕಂಬಕ್ಕೆ ಕಟ್ಟಿ ಹಕ್ಕಿಗಳಿಗೆ ಬಿಡುವುದು. ಇನ್ನೊಂದು, ಒಂದು ಬಟ್ಟಲು ಬಿಸಿ ಗಂಜಿಗೆ ಬೆಣ್ಣೆ ಹಾಕಿ ಕೊಟ್ಟಿಗೆಯಲ್ಲಿಡುವುದು. ಕೊಟ್ಟಿಗೆ ಕಾಯುವ ಟೊಮ್ಟೆ ಎಂಬ ಗಡ್ಡದ ಕುಳ್ಳನಿಗೆ ಅದು. ಒಂದು ಕಥೆಯಲ್ಲಿ ಟೊಮ್ಟೆ ಬಟ್ಟಲು ನೋಡುತ್ತಾನೆ, ಬೆಣ್ಣೆ ಕಾಣುವುದಿಲ್ಲ. ಸಿಟ್ಟಿನಲ್ಲಿ ಮನೆಯ ಹಸುವನ್ನೇ ಕೊಂದುಬಿಡುತ್ತಾನೆ. ಆಮೇಲೆ ಗಂಜಿ ಕುಡಿದರೆ ಬೆಣ್ಣೆ ತಳದಲ್ಲಿದೆ! ನಾಚಿಕೆಯಾಗಿ ಪಕ್ಕದ ಹೊಲದವರ ಹಸು ತಂದು ಕಟ್ಟುತ್ತಾನೆ.

ನಮ್ಮ ಸೀಮೆಯವರಿಗೆ ದನದ ಪಾಲು ಹೊಸದಲ್ಲ. ಮೊಳಕಾಲ್ಮುರು, ಚಳ್ಳಕೆರೆಯ ಮ್ಯಾಸಬೇಡರು ನೇಗಿಲಿಗೆ ಎಂದೂ ಹೂಡದ ದೇವರ ಎತ್ತುಗಳನ್ನು ಇವತ್ತಿಗೂ ಸಾಕುತ್ತಾರೆ. ಅವುಗಳನ್ನು ಕಾಯುವವನು ಕಿಲಾರಿ. ಮೈಸೂರು ಕಡೆ ಸಂಕ್ರಾಂತಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತಾರೆ. ನಮ್ಮ ಮನೆಯಲ್ಲಿ ನವಣಕ್ಕಿ ಹುಗ್ಗಿಯ ಮೊದಲ ಪಾಲು ಎತ್ತಿಗೆ. ಆಮೇಲೆ ನಮಗೆ.

ಈಗ ಯಾರಿಗೂ ಹೇಳದ ಒಂದು ಮಾತು. 1965ರಲ್ಲಿ ಮಳೆ ಕೈಕೊಟ್ಟಿತು. ಮೊಳಕಾಲ್ಮುರು ಹತ್ತಿರದ ನಮ್ಮ ಹಳ್ಳಿಯಲ್ಲಿ ಹಗೇವು ಬರಿದು, ಬಣವೆ ಬರಿದು. ಮೇವಿಲ್ಲದೆ ಅಪ್ಪ ಜೋಡೆತ್ತನ್ನು ಸಂತೆಗೆ ಹೊಡೆದುಕೊಂಡು ಹೋಗಿ ಒಬ್ಬನೇ ವಾಪಸು ಬಂದ. ಸಂಕ್ರಾಂತಿಗೆ ಅವ್ವ ಇದ್ದ ಒಂದು ಪಾವು ನವಣಕ್ಕಿಗೆ ಚೂರು ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಎಂದಿನಂತೆ ಮೊದಲ ಪಾಲು ತೆಗೆದು ಗೋದಲಿಯಲ್ಲಿಟ್ಟಳು.

"ಎತ್ತೇ ಇಲ್ಲ, ಯಾರಿಗೇ ಅದು?" ಎಂದ ಅಪ್ಪ.

"ಎತ್ತು ಹೋದ್ರೆ ಅದರ ಪಾಲೂ ಹೋಗ್ತದಾ?" ಎಂದಳು ಅವ್ವ.

ನನಗಾಗ ಹನ್ನೆರಡು ವರ್ಷ. ನನ್ನ ಪಾಲಿಗೆ ಬಂದದ್ದು ನಾಲ್ಕು ತುತ್ತು. ಕತ್ತಲಾದ ಮೇಲೆ ಮೆಲ್ಲಗೆ ಕೊಟ್ಟಿಗೆಗೆ ಹೋಗಿ ಗೋದಲಿಯ ಹುಗ್ಗಿಯನ್ನು ನಿಂತಲ್ಲೇ ತಿಂದುಬಿಟ್ಟೆ. ಬೆಳಿಗ್ಗೆ ಅವ್ವ ಖಾಲಿ ತಟ್ಟೆ ನೋಡಿದಳು, ನನ್ನನ್ನೂ ನೋಡಿದಳು. "ಗುಬ್ಬಿ ತಿಂದಿರಬೇಕು" ಎಂದು ತಟ್ಟೆ ತೊಳೆಯಲು ಹೋದಳು. ಅವಳಿಗೆ ಗೊತ್ತಿತ್ತು. ಗುಬ್ಬಿಗಳು ರಾತ್ರಿ ಹೊತ್ತು ಕಾಳು ಹೆಕ್ಕುವುದಿಲ್ಲ. ಎರಡು ವರ್ಷದ ಮೇಲೆ ಮನೆಗೆ ಮತ್ತೆ ಎತ್ತು ಬಂದವು. ಆ ಸಂಕ್ರಾಂತಿಗೆ ನನ್ನ ಎಲೆಯ ಹುಗ್ಗಿಯಲ್ಲಿ ಅರ್ಧ ಒಯ್ದು ಗೋದಲಿಗೆ ಸುರಿದೆ. ಅವ್ವನಿಗೆ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳೋಣವೆಂದರೆ ಅವಳಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಹಾಗಾದ್ರೆ ನೀವೇ ಟೊಮ್ಟೆ!" ಎಂದಳು. ಆ ದಿನ ಸಂಜೆ ನಾವು ಕಳಿಸಿದ್ದ ಎಳ್ಳು-ಬೆಲ್ಲದಲ್ಲಿ ಒಂದು ಹಿಡಿಯನ್ನು ಬಾಲ್ಕನಿಯ ಹಿಮದ ಮೇಲೆ ಬಟ್ಟಲಲ್ಲಿಟ್ಟಳಂತೆ. ಬೆಳಿಗ್ಗೆ ಬಟ್ಟಲು ಖಾಲಿ. ಯಾರು ತಿಂದರೆಂದು ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ.