ನಾಲ್ಕು ಬಾಗಿಲು ತಟ್ಟುವ ಮುನ್ನ



ಕಳೆದ ಬೇಸಿಗೆಯಲ್ಲಿ ನಮ್ಮ ಸದಸ್ಯರೊಬ್ಬರ ಕೊಳವೆಬಾವಿ ಬತ್ತಿತು. ಮೂರು ವರ್ಷದ ಅಡಿಕೆ ತೋಟ, ಫಸಲು ಕಾಣಲು ಇನ್ನೂ ಎರಡು ಮೂರು ವರ್ಷ ಬೇಕು. ಹೊಸ ಬೋರು ಕೊರೆಸಲು ಹಣಕ್ಕಾಗಿ ಅವರು ಹದಿನೈದು ದಿನದೊಳಗೆ ಎರಡು ಬ್ಯಾಂಕು, ಒಂದು ಫೈನಾನ್ಸ್ ಕಂಪನಿ, ಸಾಲದ್ದಕ್ಕೆ ಮೊಬೈಲಿನ ಒಂದು ಸಾಲದ ಆ್ಯಪ್, ಹೀಗೆ ನಾಲ್ಕು ಕಡೆ ಅರ್ಜಿ ಹಾಕಿದರು. ಎಲ್ಲಿಯೂ ಒಂದು ರೂಪಾಯಿ ಹುಟ್ಟಲಿಲ್ಲ. ಐದನೆಯ ಕಡೆ ಉತಾರ, ಬೇಬಾಕಿ ಪತ್ರ ಎಲ್ಲವೂ ಸರಿಯಿದ್ದರೂ, ಇತ್ತೀಚೆಗೆ ಬಹಳ ಕಡೆ ಸಾಲ ಕೇಳಿದ್ದೀರಿ ಎಂದು ಅರ್ಜಿ ತಿರುಗಿ ಬಂತು. "ಸಾಲ ತಗೊಂಡು ಮುಳುಗಿಸಿದವರಿಗೆ ಹಿಂಗಂದ್ರ ಸೈ. ನನಗ ಯಾರೂ ಕೊಟ್ಟೇ ಇಲ್ಲಲ್ರೀ, ಕೇಳಿದ್ದೂ ತಪ್ಪೇನ್ರಿ?" ಎಂದು ಅವರು ನಮ್ಮನ್ನು ಕೇಳಿದರು.

ತಪ್ಪಲ್ಲ, ಆದರೆ ದಾಖಲಾಗುತ್ತದೆ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ ಸಿಬಿಲ್ ಮೊದಲಾದ ನಾಲ್ಕು ಕಂಪನಿಗಳು ನಮ್ಮ ಸಾಲದ ಜಾತಕ ಇಟ್ಟುಕೊಂಡಿವೆ. ಸಾಲ ಕೊಡುವವರು ನಮ್ಮ ಅರ್ಜಿಯ ಮೇಲೆ ಅದನ್ನು ತೆರೆದು ನೋಡಿದ ಪ್ರತಿ ಸಲವೂ ಯಾರು, ಎಂದು, ಎಷ್ಟು ಮೊತ್ತಕ್ಕಾಗಿ ನೋಡಿದರೆಂಬುದು ಅಲ್ಲಿಯೇ ಬರೆದುಕೊಳ್ಳುತ್ತದೆ. ಸಾಲ ಸಿಗದಿದ್ದರೂ ಆ ಗೆರೆ ಅಳಿಯದು. ಒಂದೆರಡಾದರೆ ಚಿಂತೆಯಿಲ್ಲ, ಕಂತು ತಪ್ಪಿಸಿದಷ್ಟು ದೊಡ್ಡ ಕಳಂಕವೂ ಅಲ್ಲ. ಆದರೆ ಕೆಲವೇ ದಿನಗಳಲ್ಲಿ ನಾಲ್ಕೈದು ಬಿದ್ದರೆ, ಇವನಿಗೆ ಹಣದ ಮುಗ್ಗಟ್ಟು ಹತ್ತಿದೆ ಎಂದು ಮುಂದಿನವರು ಓದುತ್ತಾರೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಈ ವಿಚಾರಣೆ ಊರೊಳಗೇ ಮುಗಿಯುತ್ತಿತ್ತು. ಯಾರ ಬಾವಿ ಬತ್ತಿದೆ, ಯಾರು ಇಸ್ಪೀಟಿಗೆ ಕೂತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಯಂತ್ರಕ್ಕೆ ಈ ಎರಡರ ಅಂತರ ತಿಳಿಯದು. ಸಾಲದ ಸುಖದುಃಖ ಎರಡನ್ನೂ ಹಾಡಿದ ಸರ್ವಜ್ಞನ ಹೆಸರು ಹೊತ್ತ ಈ ಅಬಲೂರಿನಲ್ಲಿ ಸಾಲ ಕೇಳುವುದಕ್ಕೇ ಅಂಕ ಕಳೆಯುವ ಕಾಲ ಬಂದಿದೆ! ಯಂತ್ರ ಓದಿದ್ದನ್ನೇ ತೀರ್ಪೆಂದು ಒಪ್ಪದೆ, ತೋಟಕ್ಕೆ ಬಂದು ನೋಡುವ ಹೊಣೆ ಬ್ಯಾಂಕಿನವರದೆಂದೇ ನಮ್ಮ ಅಭಿಪ್ರಾಯ.

ಹಾಗೆಂದು ಕೈಕಟ್ಟಿ ಕೂರಲಾಗದು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಪ್ರತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಮೊದಲು ಅದನ್ನು ನೋಡಿ. ಅಣ್ಣತಮ್ಮಂದಿರಿಗೆ ಜಾಮೀನು ನಿಂತ ಸಾಲವೂ ಅದರಲ್ಲಿ ಇರುತ್ತದೆ, ಅನೇಕರಿಗೆ ಇದು ಗೊತ್ತಿಲ್ಲ. ತಪ್ಪಿದ್ದರೆ ತಿದ್ದಲು ಬರೆದುಕೊಡಿ. ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಜರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಹೇಳಿದೆ. ವರದಿಯನ್ನು ಯಾರಾದರೂ ತೆರೆದರೆ ನಿಮಗೆ ಸಂದೇಶ ಬರಬೇಕೆಂಬುದೂ ಆಗಲೇ ಆದ ಆದೇಶ. ಆದ್ದರಿಂದ ಮೊಬೈಲ್ ನಂಬರು ಸರಿಯಾಗಿರಲಿ. ಬಡ್ಡಿ, ನಿಯಮಗಳನ್ನು ಬಾಯಿಮಾತಿನಲ್ಲಿ ಎಲ್ಲ ಕಡೆ ವಿಚಾರಿಸಿ, ಅರ್ಜಿಗೆ ಸಹಿ ಒಂದೇ ಕಡೆ ಹಾಕಿ. ಆ್ಯಪಿನಲ್ಲಿ ಸುಮ್ಮನೆ ನೋಡೋಣವೆಂದು ಒತ್ತುವ 'ಒಪ್ಪಿಗೆ'ಯೂ ಸಹಿಯೇ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಆ ಸದಸ್ಯರು ಮೊದಲು ಬಂದದ್ದು ನಮ್ಮ ಸಂಘಕ್ಕೇ. ಮುಂದಿನ ಕಮಿಟಿ ಸಭೆ ಆಗಲಿ ಎಂದು ನಾವೇ ಮೂರು ವಾರ ಸತಾಯಿಸಿದೆವು. ಬೋರು ಹೋದವನ ಅರ್ಜಿಗೆ ಒಂದು ವಾರದೊಳಗೆ ಹೌದು ಇಲ್ಲವೇ ಅಲ್ಲ ಎಂದು ಬರೆದುಕೊಡಬೇಕೆಂಬ ಠರಾವನ್ನು ಬರುವ ಸರ್ವಸಾಧಾರಣ ಸಭೆಯ ಮುಂದೆ ಇಡುತ್ತಿದ್ದೇವೆ. ತಪ್ಪದೆ ಬಂದು ಕೈಯೆತ್ತಬೇಕು. ಅವರು ಟ್ಯಾಂಕರಿನಿಂದ ನೀರು ಹಾಕಿಸಿ ಅರ್ಧ ತೋಟ ಉಳಿಸಿಕೊಂಡಿದ್ದಾರೆ.