ಗಗನಸಖಿಯ ಊಟದ ಚೀಟಿ

ಕಳೆದ ದೀಪಾವಳಿಗೆ ಅರಸೀಕೆರೆಯ ದೊಡ್ಡಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ದೊಡ್ಡಮ್ಮನ ಮಗಳು, ನನಗೆ ಅಕ್ಕ, ವಿಮಾನದಲ್ಲಿ ಕ್ಯಾಬಿನ್ ಕ್ರೂ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದ ಮೇಲೆ ಅವಳು ಮುಷ್ಟಿಯನ್ನೇ ಮೈಕ್ ಮಾಡಿಕೊಂಡು ಅನೌನ್ಸ್‌ಮೆಂಟಿನ ದನಿಯಲ್ಲಿ ಶುರುಮಾಡಿದಳು: "ಸಿಬ್ಬಂದಿ ಗಮನಿಸಿ. ಹಸಿವಿನ ಒತ್ತಡದಲ್ಲಿ ಏರುಪೇರಾದರೆ ನಿಮ್ಮ ತಲೆಯ ಮೇಲಿಂದ ಒಂದು ಊಟದ ವೋಚರ್ ಕೆಳಗಿಳಿಯುತ್ತದೆ. ಅದನ್ನು ಮೂಗು ಬಾಯಿಗೆ ಒತ್ತಿ ಹಿಡಿದು ಎಂದಿನಂತೆ ಉಸಿರಾಡಿ. ಹೊಟ್ಟೆ ತುಂಬದಿದ್ದರೂ ವೋಚರ್ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ."

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ರಾತ್ರಿ ಎರಡು ಗಂಟೆಗೆ ಹೋಟೆಲ್ ತಲುಪಿದರೆ ಕೈಯಲ್ಲಿ ವೋಚರ್, ಅಡುಗೆಮನೆಗೆ ಬೀಗ. ಮುನ್ನೂರ ತೊಂಬತ್ತರ ಸೂಪಿಗೆ ನಾನೂರರ ವೋಚರ್ ಕೊಟ್ಟರೆ ಉಳಿದ ಹತ್ತಕ್ಕೆ ವೇಟರನ ಮುಗುಳ್ನಗೆ. ರೂಮ್ ಸರ್ವಿಸ್‌ಗೆ ನಡೆಯದು, ನಾಳೆಗೆ ನಡೆಯದು, ಪಕ್ಕದ ದರ್ಶಿನಿಯಲ್ಲಂತೂ ನಡೆಯದು. ಕೊನೆಯ ನಗೆಹನಿ ಇದು: "ಮೊದಲು ನಾನು ಚೀಟಿ ಕಟ್ತಿದ್ದೆ. ಈಗ ಕಂಪನಿಯವರೇ ಕೈಗೆ ಚೀಟಿ ಕೊಡ್ತಾರೆ."

ಇದಕ್ಕೆ ದೊಡ್ಡಮ್ಮ ಮಾತ್ರ ನಗಲಿಲ್ಲ.

ಕಾರಣ ಮನೆಯವರಿಗೆಲ್ಲ ಗೊತ್ತು. ಬೇರೆ ಊರಿನಲ್ಲಿ ರಾತ್ರಿ ತಂಗುವಾಗ ಊಟದ ಖರ್ಚಿಗೆಂದು ಕಂಪನಿ ಕೊಡುತ್ತಿದ್ದ ನಗದು ಭತ್ಯೆಯನ್ನು ಅಕ್ಕ ಪೂರ್ತಿ ತಿನ್ನುತ್ತಿರಲಿಲ್ಲ. ಅವಳ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕೆಟಲ್, ಒಗ್ಗರಣೆ ಬೆರೆಸಿದ ಅವಲಕ್ಕಿ, ಚಟ್ನಿಪುಡಿ ಸದಾ ಇರುತ್ತಿದ್ದವು. ಅವಳೊಬ್ಬಳದೇ ಕಥೆಯಲ್ಲ. ಹೋಟೆಲ್ ಕೋಣೆಯಲ್ಲಿ ನೀರು ಕಾಯಿಸಿ ನೂಡಲ್ಸ್ ನೆನೆಸಿಕೊಂಡು ಭತ್ಯೆ ಉಳಿಸುವುದು ಲೋಕದ ಎಲ್ಲ ವಿಮಾನ ಸಿಬ್ಬಂದಿಗೂ ಗೊತ್ತಿರುವ ವಿದ್ಯೆ. ಹೀಗೆ ಉಳಿದ ದುಡ್ಡು ತಿಂಗಳ ಚೀಟಿಗೆ ಹೋಗುತ್ತಿತ್ತು. ದೊಡ್ಡಮ್ಮನ ಮನೆಯ ಸೋರುವ ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದ ಸಾಲ ಆ ಚೀಟಿಯಿಂದಲೇ ತೀರುತ್ತಿತ್ತು. ಭತ್ಯೆಯ ಜಾಗಕ್ಕೆ ವೋಚರ್ ಬಂದ ತಿಂಗಳಿಂದ ಚೀಟಿ ನಿಂತಿತು, ಸಾಲ ನಿಲ್ಲಲಿಲ್ಲ.

ಇದನ್ನು ಹೇಳಿದಾಗ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು, "ಊಟ ಕೊಡ್ತಾರಲ್ಲ, ಮತ್ತೇನು?" ಊಟಕ್ಕೆಂದು ಕೊಟ್ಟ ದುಡ್ಡಿನಲ್ಲಿ ಚಾವಣಿ ಹಾಕಿಸಿದ್ದು ಅವಳದೇ ತಪ್ಪು ಎಂಬ ಧಾಟಿ. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವಳ ಮುಂದಿಟ್ಟ ಲೆಕ್ಕದಲ್ಲಿ ಸಂಬಳ, ಹಾರಾಟದ ತಾಸಿನ ಹಣ, ತಂಗುವ ಭತ್ಯೆ ಎಲ್ಲ ಕೂಡಿಸಿ "ಕೈಗೆ ಇಷ್ಟು ಬರುತ್ತದೆ" ಎಂದೇ ಹೇಳಿದ್ದರು. ಆಸೆ ತೋರಿಸುವಾಗ ಅದು ಸಂಬಳ, ಕಿತ್ತುಕೊಳ್ಳುವಾಗ ಬರೀ ಊಟದ ಖರ್ಚು. ಈ ಎರಡು ನಾಲಿಗೆಯ ಮಾತನ್ನು ನಾವು ಯಾಕೆ ಒಪ್ಪಬೇಕು?

ನಮ್ಮ ಅಜ್ಜಿ ಕಳೆ ಕೀಳಲು ಹೋದರೆ ಕೂಲಿ ರಾಗಿಯಲ್ಲಿ ಸಿಗುತ್ತಿತ್ತಂತೆ. ಕೊಡುವಾಗ ಒಂದು ಸೇರು, ತೆಗೆದುಕೊಳ್ಳುವಾಗ ಇನ್ನೊಂದು ಸೇರು ಎಂದು ಅವಳು ಸಾಯುವತನಕ ಗೊಣಗಿದಳು. ಆದರೂ ಆ ರಾಗಿಯನ್ನು ಮನೆಗೆ ತರಬಹುದಿತ್ತು, ಮಕ್ಕಳಿಗೆ ಮುದ್ದೆ ಮಾಡಬಹುದಿತ್ತು, ನೆರೆಮನೆಗೆ ಕಡ ಕೊಡಬಹುದಿತ್ತು. ವೋಚರಿಗೆ ಆ ಗುಣವೂ ಇಲ್ಲ. ಯಾವಾಗ, ಎಲ್ಲಿ, ಏನು ತಿನ್ನಬೇಕೆಂದು ಅದೇ ಹೇಳುತ್ತದೆ. ಹಸಿವಿಲ್ಲದೆ ಮಲಗಿದರೆ ಅವಳ ಪಾಲು ಸದ್ದಿಲ್ಲದೆ ಯಜಮಾನರಿಗೇ ಹಿಂತಿರುಗುತ್ತದೆ.

ಈ ಜಗಳ ಹೊಸದಲ್ಲ. ಗಣಿ, ಕಾರ್ಖಾನೆಗಳ ಯಜಮಾನರು ಕೂಲಿಯ ಬದಲು ಟೋಕನ್ನು, ತಮ್ಮದೇ ಅಂಗಡಿಯ ಸಾಮಾನು ಕೊಡುವುದನ್ನು ತಡೆಯಲು ಬ್ರಿಟನ್ 1831ರಲ್ಲೇ ಟ್ರಕ್ ಕಾಯಿದೆ ತಂದಿತು. ನಮ್ಮಲ್ಲಿ 1936ರ ವೇತನ ಪಾವತಿ ಕಾಯಿದೆ ಕೂಲಿಯನ್ನು ಚಲಾವಣೆಯ ನಾಣ್ಯ, ನೋಟುಗಳಲ್ಲೇ ಕೊಡಬೇಕೆಂದಿತು. ಚೆಕ್ಕು, ಬ್ಯಾಂಕು ಆಮೇಲೆ ಸೇರಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1949ರ ವೇತನ ರಕ್ಷಣೆಯ ಒಪ್ಪಂದವಂತೂ ಹಣದಲ್ಲಿ ಕೊಡಬೇಕಾದ ವೇತನವನ್ನು ವೋಚರ್, ಕೂಪನ್ ರೂಪದಲ್ಲಿ ಕೊಡಕೂಡದು ಎಂದು ಹೆಸರಿಟ್ಟೇ ನಿಷೇಧಿಸಿತು. ಆದರೆ ಇವೆಲ್ಲ ಕಾದದ್ದು 'ವೇತನ'ವನ್ನು. ನಮ್ಮ 1936ರ ಕಾಯಿದೆಯ ವ್ಯಾಖ್ಯೆಯಲ್ಲಿ ಪ್ರಯಾಣ ಭತ್ಯೆ ವೇತನವಾಗಿರಲಿಲ್ಲ, ಕೆಲಸದ ವಿಶೇಷ ಖರ್ಚಿಗೆಂದು ಕೊಟ್ಟ ಹಣವೂ ವೇತನವಾಗಿರಲಿಲ್ಲ. ವೋಚರ್ ನುಸುಳಿದ್ದು ಈ ಕಿಂಡಿಯಿಂದ.

ಅದೇ ವಿಮಾನದ ಇನ್ನೊಂದು ಬದಿ ನೋಡಿ. ಯುರೋಪಿನಲ್ಲಿ ಹಾರಾಟ ರದ್ದಾಗಿ ಪರಿಹಾರ ಸಲ್ಲಬೇಕಾದ ಪ್ರಯಾಣಿಕರಿಗೆ ಅದನ್ನು ಹಣವಾಗಿಯೇ ಕೊಡಬೇಕು. ವೋಚರ್ ಕೊಡುವುದಾದರೆ ಅವರ ಸಹಿಯುಳ್ಳ ಒಪ್ಪಿಗೆ ಬೇಕು ಎನ್ನುತ್ತದೆ 2004ರ ನಿಯಮಾವಳಿ. ಸೀಟಿನಲ್ಲಿ ಕೂತವರನ್ನು ಕೇಳದೆ ವೋಚರ್ ದಾಟಿಸುವಂತಿಲ್ಲ. ಟ್ರೇ ಹಿಡಿದು ನಿಂತ ಅಕ್ಕನನ್ನು ಯಾರೂ ಕೇಳಲೇ ಇಲ್ಲ, ಒಂದು ಸಂಜೆ ಇಮೇಲ್ ಬಂತು ಅಷ್ಟೆ.

ಇಲ್ಲಿ ನಮ್ಮ ಭಾಷೆಯದೂ ಒಂದು ಪಾಲಿದೆ. ಪತ್ರಿಕೆಗಳು ಅವಳನ್ನು 'ಗಗನಸಖಿ' ಎನ್ನುತ್ತವೆ. ಸಖಿ ಅಂದಮೇಲೆ ಸಂಬಳದ ಮಾತೇಕೆ, ಭತ್ಯೆಯ ಜಗಳವೇಕೆ? ವಿಮಾನಕ್ಕೆ ಬೆಂಕಿ ಬಿದ್ದರೆ ತೊಂಬತ್ತು ಸೆಕೆಂಡಿನಲ್ಲಿ ಜನರನ್ನು ಹೊರಗೆ ದಾಟಿಸಲು ತರಬೇತಿ ಪಡೆದ ಕೆಲಸಗಾರಳನ್ನು ಮೋಹಕ ಪದದಲ್ಲಿ ಸುತ್ತಿಟ್ಟಿದ್ದೇವೆ. ಅವಳು ಹಸಿವಿನ ಮಾತಾಡಿದರೆ ನಮಗೆ ಅದು ಜೋಕಿನಂತೆಯೇ ಕೇಳುತ್ತದೆ.

ಈಗ ನನ್ನ ತಪ್ಪೊಪ್ಪಿಗೆ. ನಾನು ಪಿಎಚ್‌ಡಿ ಮಾಡುತ್ತಿರುವುದು ದುಡಿಮೆಯ ಜಾಗದ ಹಾಸ್ಯದ ಮೇಲೆ. ಜೇಮ್ಸ್ ಸ್ಕಾಟ್ 1985ರಲ್ಲಿ ಮಲೇಷ್ಯಾದ ರೈತರ ಬಗ್ಗೆ ಬರೆದ ಪುಸ್ತಕದಿಂದ ಈಚೆಗೆ ನಮ್ಮ ವಲಯಕ್ಕೆ ಒಂದು ಚಟ ಹತ್ತಿದೆ. ಬಡವರ ಗೊಣಗು, ಚಾಡಿ, ನಗೆ ಎಲ್ಲವೂ 'ಪ್ರತಿರೋಧ'. ಸ್ಕಾಟ್ ಸ್ವತಃ ಅದರ ಮಿತಿಗಳನ್ನು ಬಲ್ಲವರಾಗಿದ್ದರು. ನಾವು ಮಿತಿ ಬಿಟ್ಟು ಪದವನ್ನಷ್ಟೇ ಎತ್ತಿಕೊಂಡೆವು. ನಾನೂ ಒಂದು ವಿಚಾರ ಸಂಕಿರಣದಲ್ಲಿ ಅಕ್ಕನ ನಗೆಹನಿಗಳನ್ನು ಮಂಡಿಸಿ ಪ್ರತಿರೋಧ ಎಂದು ಹೆಸರಿಟ್ಟೆ. ಚಪ್ಪಾಳೆ ಬಿತ್ತು. ಮಧ್ಯಾಹ್ನ ಊಟಕ್ಕೆ ನನ್ನ ಕೈಗೆ ಕೊಟ್ಟದ್ದೂ ಒಂದು ಕೂಪನ್ನೇ. ಬಸ್ಸಿನ ಖರ್ಚು ಆರು ತಿಂಗಳಾದರೂ ಬರಲಿಲ್ಲ. ಅದನ್ನೂ ನಾವು ಸಂಶೋಧಕರು ಜೋಕು ಮಾಡಿಕೊಂಡು ನಕ್ಕೆವು, ಯಾರೂ ಅರ್ಜಿ ಬರೆಯಲಿಲ್ಲ.

ಪ್ರಬಂಧದ ವಿಷಯ ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಮಾತು: "ಚೆನ್ನಾಗಿದೆ ಕಣೇ. ಭತ್ಯೆ ವಾಪಸ್ ಬರುತ್ತಾ?"

ಅಂದಿನಿಂದ ನನಗೆ ಆ ಪದದ ಮೇಲಿನ ನಂಬಿಕೆ ಹೋಗಿದೆ. ನಗು ಕೆಟ್ಟದ್ದೆನ್ನುತ್ತಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತುಟಿಗೆ ಬಣ್ಣ ಹಚ್ಚಿಕೊಂಡು ಹೋಗುವವರಿಗೆ ಅದು ಬೇಕು. ಆದರೆ ಆ ನಗುವಿನಿಂದ ಕಂಪನಿಗೆ ನಷ್ಟವೇನೂ ಇಲ್ಲ. ಸಿಟ್ಟು ಅಲ್ಲೇ ಆರಿದರೆ ಲಾಭವೇ. ಅಕ್ಕನ ಜೋಕುಗಳನ್ನು ಮತ್ತೆ ಕೇಳಿನೋಡಿ. ಅವುಗಳಲ್ಲಿ ಬೆಲೆ, ಗಂಟೆ, ಉಳಿಕೆ, ನಿಷೇಧ ಎಲ್ಲ ಕರಾರುವಾಕ್ಕಾಗಿವೆ. ಅದು ಬೇಡಿಕೆಪಟ್ಟಿ. ಪಟ್ಟಿಯಾಗಿ ಕೊಟ್ಟರೆ ರೋಸ್ಟರಿನಲ್ಲಿ ಸೇಡು ತೀರಿಸಿಕೊಂಡಾರೆಂಬ ಭಯಕ್ಕೆ ಅವಳು ಅದನ್ನು ಜೋಕಾಗಿ ಹೇಳುತ್ತಾಳೆ. ಆ ಭಯವನ್ನು ಬಿಟ್ಟು ಹಾಸ್ಯವನ್ನಷ್ಟೇ ಸವಿದ ನಾವು ಅವಳ ಪರ ಇದ್ದೇವೆ ಎಂದುಕೊಳ್ಳುವುದು ಆತ್ಮವಂಚನೆ.

ಬೇಕಾದದ್ದು ದೊಡ್ಡದೇನಲ್ಲ. ಊಟವೋ ನಗದೋ ಎಂದು ಆರಿಸುವ ಹಕ್ಕು ಉಣ್ಣುವವರಿಗಿರಲಿ. ಬಳಸದ ವೋಚರಿನ ಮೊತ್ತ ತಿಂಗಳ ಕೊನೆಗೆ ಅವರ ಖಾತೆಗೆ ಬರಲಿ. ಕೆಲಸಕ್ಕೆ ಕರೆಯುವಾಗ ಲೆಕ್ಕದಲ್ಲಿ ಸೇರಿಸಿದ ಭತ್ಯೆಯನ್ನು ಕಾನೂನೂ ವೇತನವೆಂದೇ ಎಣಿಸಲಿ. ಮುಂದಿನ ದೀಪಾವಳಿಗೆ ಅಕ್ಕ ಮತ್ತೆ ಮೈಕ್ ಹಿಡಿದರೆ ನಾನು ನಗುತ್ತೇನೆ, ಅವಳ ಅನೌನ್ಸ್‌ಮೆಂಟ್ ಅಷ್ಟು ಚೆನ್ನಾಗಿರುತ್ತದೆ. ನಕ್ಕ ಮೇಲೆ, ಮೊದಲ ಸಲವೇ ಕೇಳಬೇಕಾಗಿದ್ದ ಮಾತು ಕೇಳುತ್ತೇನೆ: "ತಿಂಗಳಿಗೆ ಎಷ್ಟು ಕಮ್ಮಿ ಆಯ್ತಕ್ಕ? ಬಾ, ಕೂತು ಬರೆಯೋಣ."